ಗೋಡೆಯ ಥಂಡಿ ಯಾರ ಲೆಕ್ಕಕ್ಕೆ?

“ಅಣ್ಣಾ, ‘ಇ’ ಅಂದ್ರೆ ಪಾಸೋ ಫೇಲೋ?”

ಕೇಳಿದವಳು ಹಾಸನದ ಕಡೆಯ ಹೆಣ್ಣುಮಗಳು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್. ಗಂಡ ಮತ್ತು ನಾಲ್ಕು ವರ್ಷದ ಮಗನ ಜೊತೆ ಹಳೆಯ ಸಾಲುಮನೆಯೊಂದನ್ನು ಬಾಡಿಗೆಗೆ ಹಿಡಿದು ಆಗ ಐದು ತಿಂಗಳಾಗಿತ್ತು. ಫೆಬ್ರವರಿಯ ಒಂದು ಭಾನುವಾರ ಊಟಕ್ಕೆ ಕರೆದಿದ್ದಳು. ಊಟ ಮುಗಿದ ಮೇಲೆ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಗಂಡನ ಕೈಲಿ ಬೀರುವನ್ನು ಒಂದು ಮೊಳ ಮುಂದಕ್ಕೆ ಎಳೆಸಿದಳು. ಗೋಡೆಯ ಮೇಲೆ ನೆಲದಿಂದ ಮೊಣಕಾಲೆತ್ತರದವರೆಗೆ ಕಪ್ಪು ಬೂಷ್ಟು. ಬೀರುವಿನಲ್ಲಿದ್ದ ಮಗುವಿನ ಸ್ವೆಟರುಗಳಿಗೂ ಅದೇ ವಾಸನೆ. ಬೆಳಗ್ಗೆ ಎದ್ದ ಕೂಡಲೇ ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರನ್ನು ಒರೆಸಿ ಬಟ್ಟೆ ಹಿಂಡುವುದು ಅವಳ ದಿನದ ಮೊದಲ ಕೆಲಸವಾಗಿತ್ತು. ಮನೆ ಹಿಡಿಯುವಾಗ ಏಜೆಂಟ್ ಕಳಿಸಿದ್ದ ಕಾಗದಗಳಲ್ಲಿ ಒಂದನ್ನು ಫೋನಿನಲ್ಲಿ ತೆಗೆದು ತೋರಿಸಿದಳು. ಫ್ರಿಜ್ಜಿನ ಮೇಲಿನ ಸ್ಟಾರ್ ಚೀಟಿಯಂತೆ ಹಸಿರಿನಿಂದ ಕೆಂಪಿನವರೆಗೆ ಬಣ್ಣದ ಪಟ್ಟಿಗಳು, ಕೆಳಗಿನ ಒಂದು ಪಟ್ಟಿಯ ಎದುರು ‘ಇ’ ಎಂಬ ಅಕ್ಷರ.

ಪಾಸು ಎಂದೆ. ಕಾನೂನಿನ ಪ್ರಕಾರ ಅದು ಪಾಸೇ.

ಆ ಕಾಗದದ ಹೆಸರು ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್, ಎಲ್ಲರ ಬಾಯಲ್ಲಿ ಇಪಿಸಿ. ಮನೆಯನ್ನು ಬೆಚ್ಚಗಿಡಲು, ನೀರು ಕಾಯಿಸಲು, ದೀಪ ಉರಿಸಲು ಎಷ್ಟು ಖರ್ಚು ಬರಬಹುದು ಎಂದು ಲೆಕ್ಕ ಹಾಕಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. 92 ಅಥವಾ ಅದಕ್ಕಿಂತ ಹೆಚ್ಚಾದರೆ ‘ಎ’, 69ರಿಂದ 80ರವರೆಗೆ ‘ಸಿ’, 39ರಿಂದ 54ರವರೆಗೆ ‘ಇ’, 20ರ ಒಳಗೆ ‘ಜಿ’. ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಹೇಗಿತ್ತೋ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಾಡಿಗೆ ಮನೆಗೆ 39 ಹಾಗೆ. ಅದಕ್ಕಿಂತ ಕಡಿಮೆ ಬಂದ ಮನೆಯನ್ನು ಬಾಡಿಗೆಗೆ ಕೊಡುವಂತಿಲ್ಲ.

ಈ ಕಾಗದ ಬಾಡಿಗೆ ಮನೆಗಳಿಗೆ ಕಡ್ಡಾಯವಾದದ್ದು 2008ರ ಅಕ್ಟೋಬರ್‌ನಲ್ಲಿ, ಯುರೋಪಿಯನ್ ಒಕ್ಕೂಟದ 2002ರ ನಿರ್ದೇಶನವೊಂದರ ಫಲವಾಗಿ. ಆಗ ಅದು ಬರೀ ಮಾಹಿತಿ. ಮನೆ ಎಷ್ಟೇ ಥಂಡಿಯಾಗಿದ್ದರೂ ಕಾಗದ ಕೊಟ್ಟರೆ ಸಾಕಿತ್ತು. ತಿಳಿದವರು ಒಳ್ಳೆಯ ಮನೆ ಆರಿಸಿಕೊಳ್ಳುತ್ತಾರೆ, ಕೆಟ್ಟ ಮನೆಯವರು ತಾವಾಗಿ ರಿಪೇರಿ ಮಾಡಿಸುತ್ತಾರೆ ಎಂಬ ನಂಬಿಕೆ. ಹಾಗಾಗಲಿಲ್ಲ. ಒಂದು ಮನೆ ನೋಡಲು ಹತ್ತು ಜನ ಬಾಗಿಲಲ್ಲಿ ನಿಂತಿರುವಾಗ ಅಕ್ಷರ ಯಾವುದು ಎಂದು ಯಾರು ಕೇಳುತ್ತಾರೆ? ಇಂಗ್ಲೆಂಡೊಂದರಲ್ಲೇ ಸುಮಾರು 46 ಲಕ್ಷ ಕುಟುಂಬಗಳು, ಅಂದರೆ ಐದರಲ್ಲಿ ಒಂದು, ಖಾಸಗಿ ಬಾಡಿಗೆ ಮನೆಯಲ್ಲಿವೆ. ಸಿಕ್ಕ ಮನೆಗೆ ಕೈಮುಗಿದು ಸೇರಿಕೊಳ್ಳುವವರೇ ಹೆಚ್ಚು.

ಹಾಗಾಗಿ 2015ರಲ್ಲಿ ಮಾಹಿತಿಯ ಜಾಗಕ್ಕೆ ನಿಯಮ ಬಂತು. 2018ರ ಏಪ್ರಿಲ್ 1ರಿಂದ ಹೊಸ ಬಾಡಿಗೆ ಕರಾರುಗಳಿಗೆ, 2020ರ ಏಪ್ರಿಲ್ 1ರಿಂದ ನಡೆಯುತ್ತಿರುವ ಕರಾರುಗಳಿಗೂ ‘ಇ’ ಕನಿಷ್ಠ ದರ್ಜೆಯಾಯಿತು. ಮೀರಿದರೆ ಒಂದು ಮನೆಗೆ 5,000 ಪೌಂಡ್‌ವರೆಗೆ ದಂಡ. ವಿಧಿಸುವ ಹೊಣೆ ಸ್ಥಳೀಯ ಕೌನ್ಸಿಲ್‌ಗಳದು. ಆದರೆ ಮಾಲೀಕ ಮುಳುಗಿಹೋಗಬಾರದೆಂದು ಖರ್ಚಿಗೂ ಮಿತಿ ಇಟ್ಟರು. 3,500 ಪೌಂಡ್ ಖರ್ಚು ಮಾಡಿಯೂ ಮನೆ ‘ಇ’ ಮುಟ್ಟದಿದ್ದರೆ, ರಿಜಿಸ್ಟರಿನಲ್ಲಿ ದಾಖಲಿಸಿ ಐದು ವರ್ಷದ ವಿನಾಯಿತಿ ಪಡೆಯಬಹುದು. ಕೆಲಸಕ್ಕೆ ಬಾಡಿಗೆದಾರರೇ ಒಪ್ಪದಿದ್ದರೂ ವಿನಾಯಿತಿ ಉಂಟು.

ಈಗಿನ ಜಗಳ ಮುಂದಿನ ಮೆಟ್ಟಿಲಿನದು. ‘ಇ’ ಸಾಲದು, ‘ಸಿ’ ಬೇಕು ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಪ್ರಸ್ತಾಪ ಮುಂದಿಟ್ಟಿತು. ಹೊಸ ಕರಾರುಗಳಿಗೆ 2028, ಎಲ್ಲ ಬಾಡಿಗೆ ಮನೆಗಳಿಗೆ 2030 ಗಡುವು, ಖರ್ಚಿನ ಮಿತಿ 15,000 ಪೌಂಡ್ ಎಂದು ಅದರಲ್ಲಿತ್ತು. ಒಂದು ಮನೆಗೆ ಸರಾಸರಿ 6,100ರಿಂದ 6,800 ಪೌಂಡ್ ಆಗಬಹುದು, ಬಾಡಿಗೆದಾರರಿಗೆ ವರ್ಷಕ್ಕೆ ಸುಮಾರು 240 ಪೌಂಡ್ ಉಳಿಯಬಹುದು ಎಂದು ಸರ್ಕಾರವೇ ಲೆಕ್ಕ ಹಾಕಿತ್ತು. ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ವ್ಯಾಜ್ಯದ ಮೂಲ ಕಾಣುತ್ತದೆ. ಖರ್ಚು ಒಬ್ಬರ ಜೇಬಿನಿಂದ ಹೋಗುತ್ತದೆ, ಉಳಿತಾಯ ಇನ್ನೊಬ್ಬರ ಜೇಬಿಗೆ ಬರುತ್ತದೆ.

ಬಾಡಿಗೆದಾರರ ಪರ ಇರುವ ವಾದ ಹುಟ್ಟುವುದೂ ಇಲ್ಲೇ. ಹಾಸನದ ಆ ಹೆಣ್ಣುಮಗಳು ಕಿಟಕಿ ಒರೆಸಬಹುದು, ಬೂಷ್ಟಿಗೆ ಬ್ಲೀಚ್ ಹಾಕಿ ತಿಕ್ಕಬಹುದು, ಮಗುವಿಗೆ ಇನ್ನೊಂದು ಸ್ವೆಟರ್ ತೊಡಿಸಬಹುದು. ಗೋಡೆಯನ್ನು ಬದಲಿಸಲಾರಳು. ಗೋಡೆ ಬದಲಿಸಬಲ್ಲವನಿಗೆ ಗ್ಯಾಸ್ ಬಿಲ್ ಬರುವುದಿಲ್ಲ, ಹಾಗಾಗಿ ಬದಲಿಸುವ ತುರ್ತೂ ಇಲ್ಲ. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಈ ಗಂಟು ಬಿಡಿಸಿಕೊಳ್ಳುವುದೇ ಇಲ್ಲ. ಇಂಧನದ ದರ ಏರಿದಾಗ ಇದು ಎದ್ದು ಕಂಡಿತು. 2021ರ ಅಕ್ಟೋಬರ್‌ನಲ್ಲಿ ದರಮಿತಿಯ ಲೆಕ್ಕದಂತೆ ಸಾಧಾರಣ ಕುಟುಂಬವೊಂದರ ವಾರ್ಷಿಕ ಇಂಧನ ಖರ್ಚು 1,277 ಪೌಂಡ್ ಇತ್ತು. ಮರುವರ್ಷ ಅದೇ ತಿಂಗಳಲ್ಲಿ, ಸರ್ಕಾರ ಸಬ್ಸಿಡಿ ಕೊಟ್ಟು ತಡೆದ ಮೇಲೂ, 2,500 ಆಯಿತು. ಆ ಚಳಿಗಾಲದಲ್ಲಿ ಹೀಟರ್ ಹಾಕಲು ಹೆದರಿ ಕಂಬಳಿ ಹೊದ್ದು ಕೂತ ಮನೆಗಳನ್ನು ನಾನು ಕಂಡಿದ್ದೇನೆ.

“ಕಿಟಕಿ ತೆಗೀರಿ, ಒಳಗೆ ಬಟ್ಟೆ ಒಣಗಿಸಬೇಡಿ, ಅಡುಗೆ ಮಾಡುವಾಗ ಮುಚ್ಚಳ ಮುಚ್ಚಿ” ಎಂಬುದು ಬೂಷ್ಟಿನ ದೂರಿಗೆ ಮಾಲೀಕರು, ಏಜೆಂಟರು ಕೊಡುವ ಸಿದ್ಧ ಉತ್ತರ. ಅದರಲ್ಲಿ ಸ್ವಲ್ಪ ನಿಜ ಇದೆ, ಮುಚ್ಚಿಡಬಾರದು. ನಮ್ಮ ಮನೆಗಳಲ್ಲಿ ಬೆಳಗ್ಗೆಯಿಂದ ಅನ್ನ, ಸಾರು, ಇಡ್ಲಿಯ ಹಬೆ ಏಳುತ್ತಲೇ ಇರುತ್ತದೆ, ರೇಡಿಯೇಟರ್ ಮೇಲೆ ಒದ್ದೆ ಬಟ್ಟೆ ಇರುತ್ತದೆ. ಆದರೆ ಹಬೆ ನೀರಾಗುವುದು ಮನೆಯ ಅತಿ ತಣ್ಣನೆಯ ಜಾಗದಲ್ಲಿ. ಆ ಜಾಗ ತಣ್ಣಗಿರುವುದು ಗೋಡೆಗೆ ಹೊದಿಕೆ ಇಲ್ಲದ್ದರಿಂದ. ಜನವರಿಯಲ್ಲಿ ಕಿಟಕಿ ತೆಗೆದಿಟ್ಟರೆ ದುಡ್ಡು ಕೊಟ್ಟು ಮಾಡಿದ ಬಿಸಿ ಬೀದಿಗೆ ಹೋಗುತ್ತದೆ. ಬಾಡಿಗೆದಾರಳ ಅಭ್ಯಾಸ ಅರ್ಧ ಕಾರಣವಾದರೂ, ಇನ್ನರ್ಧದ ಮೇಲೆ ಅವಳಿಗೆ ಹಿಡಿತವಿಲ್ಲ. ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದು ಮನೆಯ ಬೂಷ್ಟಿನಿಂದ ಎಂದು ವಿಚಾರಣೆಯಲ್ಲಿ ಸಾಬೀತಾಯಿತು. ಅದು ಖಾಸಗಿ ಮಾಲೀಕರ ಮನೆಯಲ್ಲ, ಸಾಮಾಜಿಕ ವಸತಿ ಸಂಸ್ಥೆಯ ಫ್ಲ್ಯಾಟು. ಅಲ್ಲೂ ತಂದೆತಾಯಿಯ ಬದುಕುವ ರೀತಿಯ ಕಡೆಗೇ ಮೊದಲು ಬೆರಳು ತೋರಿಸಲಾಗಿತ್ತು. ಆ ಸುದ್ದಿ ಓದಿದ ಮೇಲೆ ‘ಕಿಟಕಿ ತೆಗೀರಿ’ ಎಂಬ ಮಾತನ್ನು ನಾನು ಹಗುರವಾಗಿ ಕೇಳಿಸಿಕೊಳ್ಳಲಾರೆ.

ಇಷ್ಟಾದ ಮೇಲೆ ಮಾಲೀಕರೆಲ್ಲ ಕಲ್ಲೆದೆಯವರು ಎಂದು ಬರೆದು ಮುಗಿಸಬಹುದಿತ್ತು. ಆದರೆ ನನಗೆ ಗೊತ್ತಿರುವ ಒಬ್ಬ ಮಾಲೀಕರು ದಾವಣಗೆರೆಯವರು, ಎಪ್ಪತ್ತರ ಮೇಲಿನ ನಿವೃತ್ತ ವೈದ್ಯರು. ದುಡಿಯುವಾಗ ಕೊಂಡ ಒಂದೇ ಒಂದು ಸಾಲುಮನೆ ಅವರ ಪಿಂಚಣಿಗೆ ಊರುಗೋಲು. ಇವರಂಥವರು ಅಪರೂಪವಲ್ಲ. 2021ರ ಸರ್ಕಾರಿ ಸಮೀಕ್ಷೆಯಂತೆ ಇಂಗ್ಲೆಂಡಿನ ಮಾಲೀಕರಲ್ಲಿ ನೂರಕ್ಕೆ 43 ಜನರ ಬಳಿ ಇರುವುದು ಒಂದೇ ಬಾಡಿಗೆ ಮನೆ. ಈ ಡಾಕ್ಟರ ಮನೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಆಮೇಲಿನ ಮನೆಗಳಂತೆ ಎರಡು ಪದರದ ನಡುವೆ ಸಂದು ಬಿಟ್ಟ ಗೋಡೆಯಲ್ಲ, ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ ಗೋಡೆ. ಸಂದಿದ್ದರೆ ತೂತು ಕೊರೆದು ಹತ್ತಿಯಂಥ ವಸ್ತು ತುಂಬಿ ಒಂದೇ ದಿನದಲ್ಲಿ ಮುಗಿಸಬಹುದು. ಗಟ್ಟಿ ಗೋಡೆಗೆ ಒಳಗಿನಿಂದಲೋ ಹೊರಗಿನಿಂದಲೋ ದಪ್ಪ ಹಲಗೆ ಹೊದಿಸಬೇಕು. ಒಳಗಿನಿಂದಾದರೆ ಮೊದಲೇ ಇಕ್ಕಟ್ಟಾದ ಕೋಣೆ ಮತ್ತಷ್ಟು ಕಿರಿದಾಗುತ್ತದೆ, ಸ್ವಿಚ್ಚು, ರೇಡಿಯೇಟರು, ಮೆಟ್ಟಿಲಿನ ಪಕ್ಕದ ಪಟ್ಟಿ ಎಲ್ಲ ಕಿತ್ತು ಮತ್ತೆ ಕೂರಿಸಬೇಕು, ಅಷ್ಟು ದಿನ ಬಾಡಿಗೆದಾರರು ಎಲ್ಲಿರಬೇಕು?

ಅವರು ಮೇಜಿನ ಮೇಲೆ ಹರಡಿದ ಇಪಿಸಿಯನ್ನು ನಾನು ಸಾಲುಸಾಲಾಗಿ ಓದಿದೆ. ಗೋಡೆಯ ಎದುರು “ಗಟ್ಟಿ ಇಟ್ಟಿಗೆ, ಕಟ್ಟಿದಂತೆಯೇ ಇದೆ, ಇನ್ಸುಲೇಷನ್ ಇಲ್ಲ” ಎಂಬರ್ಥದ ಮಾತು. ಅದರ ಮುಂದೆ ಕಂಸದಲ್ಲಿ ‘ಅಸ್ಯೂಮ್ಡ್’ ಎಂದಿತ್ತು, ಅಂದರೆ ಇದು ಊಹೆ.

“ನೋಡಪ್ಪ, ನಾನು ರೋಗಿಯನ್ನ ಮುಟ್ಟಿ ನೋಡದೆ ಊಹೆ ಅಂತ ಬರೆದಿದ್ರೆ ನನ್ನ ಲೈಸೆನ್ಸ್ ಉಳೀತಿತ್ತಾ?” ಎಂದರು ಡಾಕ್ಟರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು.

ಇಪಿಸಿ ತಯಾರಿಸುವ ಅಸೆಸರ್ ಕೆಲಸಗಳ್ಳ ಎಂದಲ್ಲ, ಪದ್ಧತಿ ಇರುವುದೇ ಹಾಗೆ. ಅವರು ಬಂದು ಕೋಣೆಗಳ ಅಳತೆ ಹಿಡಿಯುತ್ತಾರೆ, ಬಾಯ್ಲರ್‌ನ ಮಾಡೆಲ್ ಬರೆದುಕೊಳ್ಳುತ್ತಾರೆ, ಏಣಿ ಹತ್ತಿ ಟಾರ್ಚ್ ಹಾಕಿ ಅಟ್ಟದ ಹೊದಿಕೆಯ ದಪ್ಪ ನೋಡುತ್ತಾರೆ. ಗೋಡೆ ಕೊರೆಯುವಂತಿಲ್ಲ, ನೆಲ ಎಬ್ಬಿಸುವಂತಿಲ್ಲ. ಕಾಣದ್ದಕ್ಕೆ ಮನೆ ಕಟ್ಟಿದ ಕಾಲವನ್ನು ನೋಡಿ ಸಾಫ್ಟ್‌ವೇರ್ ಒಂದು ಅಂಕಿ ತುಂಬುತ್ತದೆ. ಇಂಥ ಗಟ್ಟಿ ಗೋಡೆಯಿಂದ ಬಿಸಿ ಎಷ್ಟು ಸೋರುತ್ತದೆ ಎಂಬುದಕ್ಕೆ ಬಹಳ ವರ್ಷ 2.1 ಎಂಬ ಅಂಕಿ ಬಳಸುತ್ತಿದ್ದರು. ನಿಜವಾದ ಗೋಡೆಗಳನ್ನು ಅಳೆದು ನೋಡಿದಾಗ ಅಷ್ಟು ಸೋರುವುದಿಲ್ಲ ಎಂದು ಗೊತ್ತಾಗಿ 1.7ಕ್ಕೆ ಇಳಿಸಿದರು. ಒಂದು ಇಟ್ಟಿಗೆಯೂ ಕದಲದೆ ಮನೆಗಳ ಅಂಕ ಬದಲಾಯಿತು. ದಂಡ ಹಾಕುವ, ಬಾಡಿಗೆಯನ್ನೇ ನಿಷೇಧಿಸುವ ಕಾನೂನನ್ನು ಇಂಥ ಊಹೆಯ ಮೇಲೆ ನಿಲ್ಲಿಸುವಾಗ ಮಾಲೀಕರಿಗೆ ಅನ್ಯಾಯವೆನಿಸಿದರೆ ಅದು ಸುಮ್ಮನೆ ಗೊಣಗಾಟವಲ್ಲ.

ಈ ಅಳತೆಗೋಲಿನಲ್ಲಿ ಇನ್ನೂ ದೊಡ್ಡ ಊನವೊಂದಿದೆ. ಅದು ಅಳೆಯುವುದು ಮುಖ್ಯವಾಗಿ ಖರ್ಚನ್ನು. ಇಂಗ್ಲೆಂಡಿನಲ್ಲಿ ಗ್ಯಾಸಿಗಿಂತ ಕರೆಂಟು ತುಂಬಾ ದುಬಾರಿ. ಹೀಗಾಗಿ ಗ್ಯಾಸ್ ಬಾಯ್ಲರ್ ತೆಗೆದು, ಇಂಗಾಲ ಕಡಿಮೆ ಉಗುಳುವ ಹೀಟ್ ಪಂಪ್ ಹಾಕಿದರೂ ಅಂಕ ಏರದಿರಬಹುದು, ಇಳಿದರೂ ಇಳಿಯಬಹುದು. ಒಂದು ಕಡೆ ಅದೇ ಹೀಟ್ ಪಂಪಿಗೆ ಸರ್ಕಾರ 7,500 ಪೌಂಡ್ ಸಹಾಯಧನ ಕೊಡುತ್ತದೆ. ಇನ್ನೊಂದು ಕಡೆ, ಸೂರಿನ ಮೇಲೆ ಸೋಲಾರ್ ಫಲಕ ಹಾಕಿದರೆ ಅಂಕ ಚೆನ್ನಾಗಿ ಏರುತ್ತದೆ, ‘ಡಿ’ ಇದ್ದದ್ದು ‘ಸಿ’ ಆಗಬಹುದು. ಬಾಡಿಗೆದಾರರ ಬಿಲ್ ಇಳಿಯುವುದು ಒಳ್ಳೆಯದೇ. ಆದರೆ ಹಿಂದಿನ ಕೋಣೆಯ ಗೋಡೆ ಥಂಡಿಯಾಗಿಯೇ ಇರುತ್ತದೆ. ಅಡುಗೆಮನೆಗೆ ಹಬೆ ಹೊರಹಾಕುವ ಒಳ್ಳೆಯ ಫ್ಯಾನ್ ಹಾಕಿಸಿದರೆ ಬೂಷ್ಟು ಕಡಿಮೆಯಾಗುತ್ತದೆ, ಅಕ್ಷರ ಮಾತ್ರ ಏರುವುದಿಲ್ಲ. ಸಂದುಗೊಂದು ಮುಚ್ಚಿ ಗಾಳಿಗೆ ದಾರಿ ಬಿಡದಿದ್ದರೆ ಅಂಕ ಏರಿ ಬೂಷ್ಟೂ ಏರಬಹುದು.

ಕೆಲಸದ ಗುಣಮಟ್ಟದ ಪ್ರಶ್ನೆಯನ್ನು ಈ ಚರ್ಚೆಯಲ್ಲಿ ಹೆಚ್ಚಿನವರು ಬೇಗ ದಾಟಿಬಿಡುತ್ತಾರೆ. ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಹಳೆಯ ಇಟ್ಟಿಗೆ ಮನೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ. ನಮ್ಮೂರಿನ ಹಳೆಯ ಗಾರೆ ಗೋಡೆಯ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಪದರಪದರವಾಗಿ ಉದುರುವುದನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅಲ್ಲೂ ಅದೇ ಕಥೆ. ತೇವ ಹೀರಿ ಬಿಡುವ ಗೋಡೆಗೆ ಗಾಳಿಯಾಡದ ಹಲಗೆ ಹೊದಿಸಿದರೆ, ನೀರು ಹಲಗೆಯ ಹಿಂದೆ ಕೂತು ಮರದ ತೊಲೆಯ ತುದಿಯನ್ನು ತಿನ್ನುತ್ತದೆ. 2025ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ನ್ಯಾಷನಲ್ ಆಡಿಟ್ ಆಫೀಸ್ ವರದಿ ಬಂತು. ಸರ್ಕಾರಿ ಯೋಜನೆಗಳಡಿ ಗೋಡೆಯ ಹೊರಮೈಗೆ ಇನ್ಸುಲೇಷನ್ ಹಾಕಿದ ಮನೆಗಳಲ್ಲಿ ನೂರಕ್ಕೆ 98ರಲ್ಲಿ ಸರಿಪಡಿಸಲೇಬೇಕಾದ ದೊಡ್ಡ ದೋಷಗಳಿದ್ದವು. ಒಳಗಿನಿಂದ ಹಾಕಿದ್ದರಲ್ಲಿ ನೂರಕ್ಕೆ 29. ಆ ಯೋಜನೆಗಳು ಬಡ ಕುಟುಂಬಗಳಿಗೆಂದೇ ಹೆಚ್ಚಾಗಿ ಮಾಡಿದ್ದವು. ಕೈಕೆಲಸ ಬಲ್ಲವರು ಇಲ್ಲದೆ ಗಡುವನ್ನು ಮಾತ್ರ ಮುಂದೆ ತಂದರೆ ಅದರ ಪೆಟ್ಟು ಬೀಳುವುದು ಯಾರ ಬೆನ್ನಿಗೆ? ಮಾಲೀಕನ ದುಡ್ಡು ಹೋಗುತ್ತದೆ ನಿಜ, ಆದರೆ ಒದ್ದೆ ಗೋಡೆಯ ಪಕ್ಕ ಮಲಗುವುದು ಬಾಡಿಗೆದಾರರ ಮಗು.

‘ಇಷ್ಟೆಲ್ಲ ಖರ್ಚು ಹೇರಿದರೆ ಮಾಲೀಕರು ಮನೆ ಮಾರಿಬಿಡುತ್ತಾರೆ, ಬಾಡಿಗೆ ಮನೆ ಸಿಗದೆ ಬಾಡಿಗೆದಾರರೇ ಒದ್ದಾಡುತ್ತಾರೆ’ ಎಂಬ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮಾರಿದ ಮನೆ ಮಾಯವಾಗುವುದಿಲ್ಲ, ಯಾರೋ ಒಬ್ಬರು ಅದರಲ್ಲಿ ಸಂಸಾರ ಹೂಡುತ್ತಾರೆ. ಆದರೆ ಆ ಯಾರೋ ಒಬ್ಬರು ಸಾಲ ಸಿಗುವಂಥವರು. ಎರಡು ವರ್ಷದ ಹಿಂದೆ ವೀಸಾ ಮೇಲೆ ಬಂದ ನರ್ಸ್ ಅಲ್ಲ. ಲಂಡನ್ನಿನ ಬಾಡಿಗೆಗೂ ಉತ್ತರ ಇಂಗ್ಲೆಂಡಿನ ಗಿರಣಿ ಊರುಗಳ ಬಾಡಿಗೆಗೂ ಅಜಗಜಾಂತರ. ಗೋಡೆಗೆ ಹಲಗೆ ಹೊದಿಸುವ ಖರ್ಚಿನಲ್ಲಿ ಅಷ್ಟು ಅಂತರವಿಲ್ಲ. ಒಬ್ಬರಿಗೆ ಕೆಲವು ತಿಂಗಳ ಬಾಡಿಗೆಯಲ್ಲಿ ಮುಗಿಯುವ ಖರ್ಚು ಇನ್ನೊಬ್ಬರ ಒಂದು ವರ್ಷದ ಬಾಡಿಗೆಯನ್ನೇ ನುಂಗಬಹುದು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಸರ್ಕಾರ ಮಾತು ಬದಲಿಸಿದ ರೀತಿ. 2020ರಲ್ಲಿ, 2025ರಿಂದ ಹೊಸ ಕರಾರುಗಳಿಗೆ ‘ಸಿ’ ಬೇಕಾಗಬಹುದು ಎಂದು ಪ್ರಸ್ತಾಪ ಬಂತು. ಕೆಲವರು ಸಾಲ ಮಾಡಿ ಕೆಲಸ ಮಾಡಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ರಿಷಿ ಸುನಕ್ ಅದನ್ನು ಕೈಬಿಟ್ಟರು. ಮುಂದಿನ ಸರ್ಕಾರ ಬಂದು ಮತ್ತೆ ಎತ್ತಿಕೊಂಡಿತು. ಕಾನೂನಿಗೆ ಮೊದಲೇ ತಲೆಬಾಗಿದವರು ಕೈಸುಟ್ಟುಕೊಂಡರು, ಏನೂ ಮಾಡದೆ ಕೂತವರು ಗೆದ್ದರು. ದಾವಣಗೆರೆಯ ಡಾಕ್ಟರು ಈಗ ಏನನ್ನೂ ಮಾಡಿಸಲು ಹಿಂಜರಿಯುತ್ತಾರೆ. ಇನ್ನೆರಡು ವರ್ಷದಲ್ಲಿ ನಿಯಮ ಹೇಗಿರುತ್ತದೋ ಎಂಬುದು ಅವರ ಪ್ರಶ್ನೆ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಫ್ರಾನ್ಸ್‌ನಲ್ಲಿ ನಿಯಮ ಇದಕ್ಕಿಂತ ಬಿಗಿ. ಆದರೆ 2021ರಲ್ಲೇ ಮೆಟ್ಟಿಲುಗಳನ್ನೆಲ್ಲ ಕಾನೂನಿನಲ್ಲಿ ಬರೆದಿಟ್ಟರು. ‘ಜಿ’ ದರ್ಜೆಯ ಮನೆಗಳಿಗೆ 2025, ‘ಎಫ್’ಗೆ 2028, ‘ಇ’ಗೆ 2034. ಅಲ್ಲೂ ವಿರೋಧ ಜೋರಾಗಿಯೇ ಇದೆ, ಆದರೂ ಮಾಲೀಕ ತನ್ನ ಸರದಿ ಯಾವಾಗ ಎಂದು ಕ್ಯಾಲೆಂಡರ್ ನೋಡಿ ಹೇಳಬಲ್ಲ.

ಇದನ್ನೆಲ್ಲ ಬರೆಯುವಾಗ ಬೆಂಗಳೂರು ನೆನಪಾಗದೆ ಇರುವುದಿಲ್ಲ. ಏಪ್ರಿಲ್‌ನಲ್ಲಿ ಮೂರನೇ ಮಹಡಿಯ ಆರ್‌ಸಿಸಿ ತಾರಸಿಯ ಕೆಳಗೆ ಮಲಗುವವರ ಪಾಡೂ ಬೇರೆಯಲ್ಲ. ತಾರಸಿ ಓನರದು, ಸೆಕೆ ಬಾಡಿಗೆದಾರರದು, ಕೂಲರಿನ ಕರೆಂಟ್ ಬಿಲ್ಲೂ ಅವರದೇ. ಭಾರತದಲ್ಲಿ ಮನೆಗಳ ಹೊರಕವಚ ಹೇಗಿರಬೇಕೆಂದು 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಬಂದಿದೆ, ಅದು ಹೊಸ ಕಟ್ಟಡಗಳಿಗೆ. ಬಾಡಿಗೆ ಕರಾರಿನ ಜೊತೆ ಇಂಥ ಕಾಗದ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಕಡ್ಡಾಯದ ನಿಯಮ ಕೆಲಸ ಮಾಡುತ್ತದೆ ಎಂಬುದನ್ನು ಬೆಂಗಳೂರಿನ ಸೂರುಗಳೇ ತೋರಿಸುತ್ತವೆ. ಸೋಲಾರ್ ವಾಟರ್ ಹೀಟರ್ ಇಲ್ಲದೆ ಹೊಸ ಮನೆಗೆ ಕರೆಂಟ್ ಕನೆಕ್ಷನ್ ಸಿಗದಂತೆ ಮಾಡಿದ್ದರಿಂದ ಓನರುಗಳು ಹಾಕಿಸಿದರು, ಬಾಡಿಗೆದಾರರು ಬಿಸಿನೀರು ಸ್ನಾನ ಮಾಡಿದರು. ಅಲ್ಲಿ ಅಳೆಯಬೇಕಾದ್ದು ಸರಳವಾಗಿತ್ತು. ಹೀಟರ್ ಇದೆಯೋ ಇಲ್ಲವೋ, ಅಷ್ಟೆ. ಇಂಗ್ಲೆಂಡಿನ ಗೋಡೆ ಅಷ್ಟು ಸರಳವಲ್ಲ.

ಹಾಗಾದರೆ ನಾನು ಯಾರ ಕಡೆ? ‘ಇ’ ಎಂಬ ಕನಿಷ್ಠದ ವಿಷಯದಲ್ಲಿ ನನಗೆ ಸಂಶಯವಿಲ್ಲ. ಅದನ್ನೂ ಮುಟ್ಟಿಸದೆ, ವಿನಾಯಿತಿಯನ್ನೂ ದಾಖಲಿಸದೆ ಬಾಡಿಗೆ ಎಣಿಸುವವರ ಮೇಲೆ ದಂಡ ಬೀಳಲೇಬೇಕು. ಬಾಡಿಗೆದಾರರು ದೂರು ಕೊಡಲು ಹೆದರುತ್ತಾರೆ, ಹಾಗಾಗಿ ಕೌನ್ಸಿಲ್‌ಗಳು ತಾವಾಗಿ ಬಾಗಿಲು ತಟ್ಟಬೇಕು. ‘ಸಿ’ಯ ವಿಷಯದಲ್ಲಿ ಗುರಿ ಸರಿ, ಅಳತೆಗೋಲು ಸರಿಯಿಲ್ಲ ಎಂಬುದು ನನ್ನ ಅನಿಸಿಕೆ. ಅಟ್ಟಕ್ಕೆ 270 ಮಿಲಿಮೀಟರ್ ಹೊದಿಕೆ, ಬಾಗಿಲು ಕಿಟಕಿಯ ಸಂದು ಮುಚ್ಚುವುದು, ಬಾಯ್ಲರ್‌ಗೆ ಸರಿಯಾದ ಕಂಟ್ರೋಲು, ಜೊತೆಗೆ ಹಬೆ ಹೊರಹಾಕುವ ಫ್ಯಾನು. ಇವುಗಳಿಗೆ ಯಾವ ಗಡುವನ್ನೂ ಕಾಯಬೇಕಾಗಿಲ್ಲ, ಯಾವ ಮಾಲೀಕನೂ ಬಡವನಾಗುವುದಿಲ್ಲ. ಗಟ್ಟಿ ಗೋಡೆಯ ಕೆಲಸಕ್ಕೆ ಮಾತ್ರ ಬಲ್ಲ ಕೈಗಳು ತಯಾರಾಗುವವರೆಗೆ ಸಮಯ ಬೇಕು, ಒಂದೇ ಮನೆಯ ಮಾಲೀಕರಿಗೆ ಕಡಿಮೆ ಬಡ್ಡಿಯ ಸಾಲವೂ ಬೇಕು.

ಅಳತೆಗೋಲನ್ನೇ ಬದಲಿಸುವ ಪ್ರಸ್ತಾಪ 2024ರ ಡಿಸೆಂಬರ್‌ನಲ್ಲಿ ಬಂದಿದೆ. ಒಂದೇ ಅಕ್ಷರದ ಬದಲು ಕಟ್ಟಡದ ಮೈ ಎಷ್ಟು ಬಿಸಿ ಹಿಡಿಯುತ್ತದೆ, ಬಿಸಿ ಮಾಡುವ ವ್ಯವಸ್ಥೆ ಯಾವುದು, ಖರ್ಚು ಎಷ್ಟು ಎಂದು ಬೇರೆ ಬೇರೆಯಾಗಿ ತೋರಿಸುವ ಯೋಚನೆ. ಮಾಲೀಕನ ಹೊಣೆಯನ್ನು ಮೊದಲು ಆ ‘ಮೈ’ಗೆ ಕಟ್ಟಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಬಾಯ್ಲರ್ ಹದಿನೈದು ವರ್ಷಕ್ಕೆ ಬದಲಾಗುತ್ತದೆ, ಕರೆಂಟಿನ ದರ ಮೂರು ತಿಂಗಳಿಗೊಮ್ಮೆ ಬದಲಾಗುತ್ತದೆ. ಗೋಡೆ ಮಾತ್ರ ನೂರು ವರ್ಷ ಅದೇ.

ಹಾಸನದ ಹೆಣ್ಣುಮಗಳ ಮನೆಗೆ ಆಮೇಲೆ ಏಜೆಂಟ್ ಕಡೆಯವರು ಬಂದು ಗೋಡೆ ಉಜ್ಜಿ, ಬೂಷ್ಟು ತಡೆಯುವ ಬಣ್ಣ ಬಳಿದು, ಬಚ್ಚಲಿಗೆ ಫ್ಯಾನ್ ಹಾಕಿ ಹೋದರು. ಗಾಜಿನ ನೀರು ಕಡಿಮೆಯಾಯಿತು. ನವೆಂಬರ್‌ನಲ್ಲಿ ಬೀರುವಿನ ಹಿಂದೆ ಅದೇ ಮೂಲೆಯಲ್ಲಿ ಅಂಗೈಯಗಲ ಕಪ್ಪು ಮತ್ತೆ ಕಾಣಿಸಿತು ಎಂದು ಫೋನ್ ಮಾಡಿದಳು. ಅವಳ ಮನೆಯ ಕಾಗದದ ಹತ್ತು ವರ್ಷದ ಅವಧಿ ಇನ್ನೇನು ಮುಗಿಯುತ್ತದೆ, ಹೊಸ ಅಸೆಸರ್ ಬರುತ್ತಾರೆ. “ಅವರಿಗೆ ಈ ಮೂಲೆ ತೋರಿಸಿದ್ರೆ ಬರ್ಕೋತಾರಾ ಅಣ್ಣಾ?” ಎಂದು ಕೇಳಿದಳು. ತೋರಿಸು, ಫೋಟೋ ತೆಗೆದಿಡು, ಕೌನ್ಸಿಲ್‌ಗೂ ಬರೆ ಎಂದೆ. ಅಸೆಸರ್ ತುಂಬುವ ನಮೂನೆಯಲ್ಲಿ ಬೂಷ್ಟಿಗೆ ಅಂಕ ಕಳೆಯುವ ಜಾಗವಿಲ್ಲ ಎಂಬುದನ್ನೂ ಅವಳಿಗೆ ಹೇಳಬೇಕಾಯಿತು.